ನೆಲಕ್ಕಿಳಿದ ರಥ

ಬೇಸಿಗೆ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಗಿಲ್ಲೆಸುಗೂರಿಗೆ ಬಂದರೆ ಮೊದಲೆರಡು ದಿನ ನಮ್ಮ ಬಿಸಿಲನ್ನು ಬೈಯುತ್ತಾನೆ. ಮೂರನೆಯ ದಿನ ಅದನ್ನೂ ಮರೆತು ಪಡಸಾಲೆಯ ಮೂಲೆ ಹಿಡಿಯುತ್ತಾನೆ. ಈ ಸಲ ಅವನ ಕೈಯಲ್ಲೊಂದು ವಿಚಿತ್ರ ದಾಳವಿತ್ತು. ನಾವು ಪಗಡೆಯಾಡುತ್ತಿದ್ದ ಉದ್ದನೆಯ ದಾಳವಲ್ಲ, ಇಪ್ಪತ್ತು ಮುಖದ್ದು. ಅದನ್ನು ಉರುಳಿಸುತ್ತ, ಮೊಬೈಲಿನಲ್ಲಿ ಬೆಂಗಳೂರಿನ ಗೆಳೆಯರೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದ.

“ಏನಪ್ಪಾ ಅದು?” ಅಂದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಆಟದ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದಂತೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ.

“ಹಂಗಾದ್ರ ನಮ್ಮ ದೊಡ್ಡಾಟನಽ ಬಿಡು. ಒಬ್ಬ ಭಾಗವತ, ನಾಲ್ಕು ಮಂದಿ ವೇಷದವರು.”

“ವೇಷ ಇಲ್ಲ ಅಜ್ಜಿ, ಬರೀ ಮಾತು” ಎಂದು ನಕ್ಕ. ಆದರೆ ಅವನ ಮುಖ ಸಪ್ಪಗಿತ್ತು. ವಿಚಾರಿಸಿದೆ. ಅವನ ಪಾತ್ರದ ಹೆಸರು ಪ್ಯಾಲಡಿನ್, ಅಂದರೆ ದೇವರ ಹೆಸರಿನಲ್ಲಿ ಕತ್ತಿ ಹಿಡಿದ ಧರ್ಮವೀರ. ಹಿಂದೆ ಯುರೋಪಿನ ಶಾರ್ಲಮೇನ್ ದೊರೆಯ ಹನ್ನೆರಡು ವೀರರನ್ನು ಹಾಗೆ ಕರೆಯುತ್ತಿದ್ದರಂತೆ. 1975ರಲ್ಲಿ ಈ ಆಟಕ್ಕೆ ಸೇರಿದ ಆ ಪಾತ್ರಕ್ಕೆ ಮೊದಲಿನಿಂದಲೂ ಕಟ್ಟುನಿಟ್ಟು ಹೆಚ್ಚು. ಕೆಟ್ಟದ್ದನ್ನು ಮಾಡಿದರೆ ಮುಟ್ಟಿ ರೋಗ ವಾಸಿಮಾಡುವಂಥ ಅವನ ಶಕ್ತಿಯೆಲ್ಲ ಹೋಗಿ ಬರೀ ಸಿಪಾಯಿಯಾಗುತ್ತಾನೆ. 2008ರ ಹೊಸ ನಿಯಮಗಳು ಬಂದಮೇಲೆ ಆ ಬಿಗಿ ಸಡಿಲವಾಯಿತಂತೆ. ಆದರೆ ಇವನು ಆರಿಸಿಕೊಂಡ ಪ್ರತಿಜ್ಞೆಯ ಮೊದಲ ಮಾತೇ ‘ಸುಳ್ಳಾಡಬಾರದು’. ಇವನ ಗೆಳೆಯರೋ ಹಳೆಯ ಬಿಗಿಯನ್ನೇ ಇಟ್ಟುಕೊಂಡು ಆಡುವವರು.

“ಈಗ ಒಬ್ಬ ಹುಡುಗಿ ನಮ್ಮ ಹಿಂದೆ ಗುಡಿಯಲ್ಲಿ ಅಡಗಿದ್ದಾಳೆ ಅಜ್ಜಿ. ಪಾಳೇಗಾರನ ಕಡೆಯವರು ಬಂದು, ಎಲ್ಲಿದ್ದಾಳೆ ಅಂತ ನನ್ನನ್ನೇ ಕೇಳ್ತಿದ್ದಾರೆ. ಸುಳ್ಳು ಹೇಳಿದ್ರೆ ನನ್ನ ಶಕ್ತಿ ಹೋಗುತ್ತೆ. ನಿಜ ಹೇಳಿದ್ರೆ ಅವಳನ್ನ ಎಳ್ಕೊಂಡು ಹೋಗ್ತಾರೆ. ನಾಳೆ ಉತ್ತರ ಕೊಡಬೇಕು.”

ನನ್ನ ಕೈಯಲ್ಲಿದ್ದ ಮೊರ ಹಾಗೆಯೇ ನಿಂತಿತು. ಈ ಪ್ರಶ್ನೆಯನ್ನು ನಾನು ಐವತ್ತು ವರ್ಷಗಳ ಹಿಂದೆ ಇದೇ ಪಡಸಾಲೆಯಲ್ಲಿ ಕೇಳಿದ್ದೆ. ಅದು ಆಟವಾಗಿರಲಿಲ್ಲ.

ನಮ್ಮಪ್ಪ ದೊಡ್ಡಾಟದಲ್ಲಿ ಧರ್ಮರಾಯನ ವೇಷ ಹಾಕುತ್ತಿದ್ದ. ‘ದ್ರೌಪದಿ ವಸ್ತ್ರಾಪಹರಣ’ದ ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಮೇಲೆ ಬಂದರೆ, ನನ್ನಪ್ಪನೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಆ ಕಿರೀಟ ತಲೆಗೇರಿದ ದಿನವೇ ಸುಳ್ಳು ಬಿಟ್ಟನಂತೆ. ಊರವರು ಅವನ ಹೆಸರನ್ನೇ ಮರೆತು ‘ಧರ್ಮರಾಜಪ್ಪ’ ಎನ್ನುತ್ತಿದ್ದರು. ಹೊಲದ ಬದುವಿನ ಜಗಳವಿರಲಿ, ಸಾಲದ ಲೆಕ್ಕವಿರಲಿ, ಅವನು ಹೇಳಿದ್ದೇ ಸಾಕ್ಷಿ. ನಮಗೂ ಆ ಹೆಸರಿನ ಗರ್ವವಿತ್ತು. ಸುಳ್ಳೇನು ಎನ್ನಬೇಕು!

ನನಗಾಗ ಹನ್ನೊಂದು ವರ್ಷ. ಒಂದು ಸಂಜೆ ಓಣಿಯ ಸೊಸೆಯೊಬ್ಬಳು ಗಂಡನ ಹೊಡೆತ ತಾಳಲಾರದೆ ನಮ್ಮ ಹಿತ್ತಲ ಬಾಗಿಲಿನಿಂದ ಒಳಬಂದಳು. ಅವ್ವ ಅವಳನ್ನು ಜೋಳದ ಚೀಲಗಳ ಹಿಂದೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಗಂಡ ಬಂದು ಹೊಸ್ತಿಲಲ್ಲಿ ನಿಂತ.

“ಧರ್ಮರಾಜಪ್ಪ, ಅಕಿ ಇಲ್ಲಿಗೆ ಬಂದಾಳೇನು?”

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: “ಒಳಗ ಅದಾಳ. ಬಡಿಬ್ಯಾಡಪ್ಪಾ ಅಕೀನ್ನ.”

ಬಡಿಯಬೇಡ ಎಂದ ಮಾತು ಹೊಸ್ತಿಲು ದಾಟಲಿಲ್ಲ. ಆ ರಾತ್ರಿ ಓಣಿಗೆಲ್ಲ ಕೇಳುವಂತೆ ಅವಳು ಅತ್ತಳು. ಮರುದಿನ ಅವಳ ಬಲಗೈ ಮುರಿದಿತ್ತು.

ಅವ್ವ ಎರಡು ದಿನ ಅಪ್ಪನೊಡನೆ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಅಂದಳು: “ಧರ್ಮರಾಯ ಅಟ್ಟದ ಮ್ಯಾಲೆ ದ್ರೌಪದೀನ್ನ ಪಣಕ್ಕಿಟ್ಟು ತಲಿ ತಗ್ಗಿಸಿ ಕುಂದರತಾನ. ನೀ ನಿನ್ನ ಸತ್ಯಕ್ಕ ಮಂದೀ ಮಗಳ್ನ ಪಣಕ್ಕಿಟ್ಟಿ.”

ಅಪ್ಪ ಉತ್ತರ ಕೊಡಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯನ್ನೂ ಮುಟ್ಟಲಿಲ್ಲ.

ಮುಂದೆ ನಾನು ದೊಡ್ಡವಳಾಗಿ ಮಹಾಭಾರತವನ್ನು ಓದಿದಾಗ ಕರ್ಣಪರ್ವದಲ್ಲಿ ಕೌಶಿಕನ ಕಥೆ ಸಿಕ್ಕಿತು. ತನ್ನ ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವ ಪ್ರತಿಜ್ಞೆ ಅರ್ಜುನನದು. ಹಾಗೆ ಅಂದವನು ಅಣ್ಣ ಧರ್ಮರಾಯನೇ. ಕತ್ತಿ ಹಿರಿದ ಅರ್ಜುನನನ್ನು ತಡೆದು ಕೃಷ್ಣ ಈ ಕಥೆ ಹೇಳುತ್ತಾನೆ. ಕೌಶಿಕ ಎಂದೂ ಸುಳ್ಳಾಡದ ತಪಸ್ವಿ. ಕಳ್ಳರಿಗೆ ಹೆದರಿ ಕೆಲವರು ಕಾಡಿನಲ್ಲಿ ಅಡಗಿದರು. ಕಳ್ಳರು ಬಂದು ಕೇಳಿದಾಗ ಕೌಶಿಕ ಅವರಿದ್ದ ಜಾಗವನ್ನು ನಿಜವಾಗಿಯೇ ಹೇಳಿದ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಓದಿ ಪುಸ್ತಕ ಮುಚ್ಚಿಟ್ಟು ಎಷ್ಟೋ ಹೊತ್ತು ಕುಳಿತಿದ್ದೆ. ಅಕ್ಷರ ಬಾರದ ನಮ್ಮವ್ವ ರೊಟ್ಟಿ ಬಡಿಯುತ್ತ ಹೇಳಿದ್ದು ಇದನ್ನೇ ಅಲ್ಲವೇ?

ಅಪ್ಪನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೈ ಕೂಡಿಕೊಂಡ ಮೇಲೆ ಆ ಸೊಸೆ ಇನ್ನೊಂದು ರಾತ್ರಿ ಓಡಿಬಂದಳು. ಯಾರ ಮನೆಗೆ ಬರಬಾರದಿತ್ತೋ ಅದೇ ಮನೆಗೆ! ಬೇರೆ ಬಾಗಿಲು ಅವಳಿಗೆ ತೆರೆದಿರಲಿಲ್ಲವೇನೋ. ಗಂಡ ಬಂದು ಅದೇ ಹೊಸ್ತಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ.

“ಇಲ್ಲ, ನಮ್ಮ ಮನಿಗೆ ಬಂದಿಲ್ಲ” ಅಂದ ಅಪ್ಪ.

ಧರ್ಮರಾಜಪ್ಪನ ಮಾತು ನೋಡಿ, ಗಂಡ ಮರುಮಾತಿಲ್ಲದೆ ಹೊರಟುಹೋದ. ಅಷ್ಟು ವರ್ಷ ಕೂಡಿಟ್ಟ ಸತ್ಯವೆಲ್ಲ ಆ ಒಂದು ಸುಳ್ಳಿಗೆ ಖರ್ಚಾಯಿತು. ಬೆಳಗಿನ ಮೊದಲ ಬಸ್ಸಿಗೆ ಅಪ್ಪ ತಾನೇ ಹೋಗಿ ಅವಳನ್ನು ತವರಿಗೆ ಮುಟ್ಟಿಸಿ ಬಂದ. ಅವಳು ಮತ್ತೆ ಆ ಮನೆಗೆ ಬರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತು ಅಪ್ಪ ಕೇಳಿದ: “ನನಗ ಪಾಪ ಬರತದೇನು?”

“ಬಂದ್ರ ಬರಲಿ. ಅರ್ಧ ನನಗಿಡು” ಎಂದು ಅವ್ವ ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಮುಂದಿನ ಆಟಕ್ಕೆ ಊರವರು ಕರೆಯಲು ಬಂದಾಗ ಅಪ್ಪ ಕಿರೀಟವನ್ನು ಬೇರೊಬ್ಬನಿಗೆ ಕೊಡಿಸಿದ. ತಾನು ತಾಳ ಹಿಡಿದು ಹಿಂದೆ ನಿಂತ. ಯಾಕೆಂದು ಕೇಳಿದವರಿಗೆ “ವಯಸ್ಸಾತು” ಎನ್ನಲೂ ಇಲ್ಲ, ಅದೂ ಸುಳ್ಳಾಗುತ್ತಿತ್ತಲ್ಲ! ಆ ಒಂದು ಸುಳ್ಳನ್ನು ಮತ್ತೊಂದಕ್ಕೆ ಬಾಗಿಲು ಮಾಡಿಕೊಳ್ಳದೆ ಕೊನೆಯವರೆಗೂ ಹಾಗೆಯೇ ಬದುಕಿದ.

ಇದನ್ನೆಲ್ಲ ಕೇಳಿ ಮೊಮ್ಮಗ, “ಧರ್ಮರಾಯನೂ ಒಂದು ಸಲ ಸುಳ್ಳು ಹೇಳಿದನಲ್ಲ ಅಜ್ಜಿ?” ಎಂದ. ಹೌದು. ಅಶ್ವತ್ಥಾಮನೆಂಬ ಆನೆ ಸತ್ತದ್ದನ್ನು, ದ್ರೋಣರು ತಮ್ಮ ಮಗನೇ ಸತ್ತನೆಂದು ತಿಳಿಯುವಂತೆ ಹೇಳಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ಇವರ ಪ್ಯಾಲಡಿನ್ ಶಕ್ತಿ ಕಳೆದುಕೊಳ್ಳುವುದೂ ಹೀಗೇ ತಾನೆ? ಆದರೆ ಧರ್ಮರಾಯ ಹೇಳಿದ್ದು ತಾನು ಗೆಲ್ಲುವುದಕ್ಕೆ. ಅಪ್ಪ ಹೇಳಿದ್ದು ಇನ್ನೊಬ್ಬಳು ಉಳಿಯುವುದಕ್ಕೆ. ಮೊದಲ ಸಲ ಅಪ್ಪ ನಿಜ ಹೇಳಿದಾಗ ಪುಣ್ಯ ಅವನದಾಯಿತು, ಪೆಟ್ಟು ಅವಳದಾಯಿತು. ಎರಡನೆಯ ಸಲ ಕಳೆದುಕೊಂಡವನು ತಾನೇ. ಧರ್ಮವನ್ನು ಅಳೆಯಲು ನನಗೆ ಇದಕ್ಕಿಂತ ಬೇರೆ ಸೇರು ಗೊತ್ತಿಲ್ಲ.

ಮೊಮ್ಮಗನಿಗೆ ಹೀಗೆ ಮಾಡು ಎಂದು ನಾನು ಹೇಳಲಿಲ್ಲ. ಮರುದಿನ ಸಂಜೆ ಮೊಬೈಲ್ ಕೆಳಗಿಟ್ಟು ಅಡುಗೆಮನೆಗೆ ಬಂದ.

“ನನ್ನ ಶಕ್ತಿಯೆಲ್ಲ ಹೋಯ್ತು ಅಜ್ಜಿ. ಕುದುರೇನೂ ಹೋಯ್ತು. ಪ್ರಾಯಶ್ಚಿತ್ತಕ್ಕೆ ಬೆಟ್ಟ ದಾಟಿ ನಡ್ಕೊಂಡು ಹೋಗ್ಬೇಕಂತೆ.”

“ಮತ್ತ ಆ ಹುಡುಗಿ?”

“ಉಳ್ಕೊಂಡ್ಳು.”

ತಟ್ಟೆ ಹಾಕಿ ರೊಟ್ಟಿ ಬಡಿಸಿದೆ. ಇನ್ನೊಂದು ಚಮಚ ತುಪ್ಪ ಹಾಕಿದಾಗ, ಬೇಡವೆಂದು ಅಡ್ಡ ಹಿಡಿದ ಕೈಯನ್ನು ಅವನೇ ಹಿಂದಕ್ಕೆ ತೆಗೆದುಕೊಂಡ.