ಒಂದು ಸ್ವರದ ಮರ್ಯಾದೆ

ಇಟಾಲಿಯನ್ ಕಲಿಯುವವರು ಹೆದರುವ 'ಕೊಂಜುಂತೀವೊ' ಎಂಬ ಕ್ರಿಯಾರೂಪ ನನಗೆ ಬಲು ಇಷ್ಟ. ಕ್ರಿಯಾಪದದ ಕೊನೆಯ ಸ್ವರವೊಂದು ಬದಲಾದರೆ ಸಾಕು, ಆಡಿದವರ ಮನಸ್ಸು ತಿಳಿದುಬಿಡುತ್ತದೆ. 'ಇಲ್ ತ್ರೇನೊ ಪಾರ್ತೆ' ಎಂದರೆ ರೈಲು ಹೊರಡುತ್ತದೆ, ಅನುಮಾನವಿಲ್ಲ. 'ಕ್ರೇದೊ ಕೆ ಇಲ್ ತ್ರೇನೊ ಪಾರ್ತಾ' ಎಂದರೆ ಹೊರಡುತ್ತದೆಂದು ನನ್ನ ಎಣಿಕೆ, ಅಷ್ಟೆ. ಬಯಕೆಗೂ ಅಂಜಿಕೆಗೂ ಇದೇ ರೂಪ.

ಕಟ್ಟುವ ಬಗೆಯೂ ಚೆಂದ. 'ಆರೆ' ಎಂದು ಮುಗಿಯುವ ಧಾತುಗಳಿಗೆ 'ಇ' ಬರುತ್ತದೆ, ಉಳಿದವಕ್ಕೆ 'ಆ'. ಪಾರ್ಲಾ ಹೋಗಿ ಪಾರ್ಲಿ, ಪ್ರೆಂದೆ ಹೋಗಿ ಪ್ರೆಂದಾ. ಸ್ವರಗಳು ಪರಸ್ಪರ ಮನೆ ಬದಲಿಸಿಕೊಂಡ ಹಾಗೆ! ನಾನು, ನೀನು, ಅವನು ಮೂವರಿಗೂ ಒಂದೇ ರೂಪ.

ಆದರೆ ಇದರ ಸೊಗಸು ಕಾಣಬೇಕಾದರೆ ಅಪರಿಚಿತರೊಡನೆ, ಹಿರಿಯರೊಡನೆ ಆಡುವ ಮಾತು ಕೇಳಬೇಕು. ಅಲ್ಲಿ 'ನೀವು' ಎನ್ನಲು 'ಲೇಯಿ' ಎನ್ನುತ್ತಾರೆ; ಅದು 'ಅವಳು' ಎಂಬ ಪದವೇ. ಎದುರಿಗಿದ್ದವರನ್ನು ಹೀಗೆ ಪ್ರಥಮಪುರುಷಕ್ಕೆ ಏರಿಸಿ ಕೂರಿಸಿದ ಮೇಲೆ 'ಮಾಡು' ಎನ್ನುವುದೆಲ್ಲಿ ಬಂತು? ಕೋರಬೇಕಷ್ಟೆ. ಅದಕ್ಕೇ ಕ್ಷಮೆ ಕೇಳಲು 'ಸ್ಕೂಜಿ', ಏನು ಬೇಕೆಂದು ವಿಚಾರಿಸಲು 'ಮಿ ದೀಕಾ', ಕೂರಿಸಲು 'ಸಿ ಅಕ್ಕೊಮೊದಿ'. ನಮ್ಮ ಕಂಪನಿ ನಾಟಕಗಳಲ್ಲಿ 'ಮಹಾಪ್ರಭುಗಳು ದಯಮಾಡಿಸಲಿ' ಎನ್ನುತ್ತಿದ್ದರಲ್ಲ, ಅದೇ ಕಟ್ಟು. ಇಟಲಿಯಲ್ಲಿ ಆ ಗೌರವ ಔಷಧಿ ಅಂಗಡಿಗೆ ಬಂದ ಗಿರಾಕಿಗೂ ಸಲ್ಲುತ್ತದೆ. ಹಳೇ ಶೈಲಿಯ ಪತ್ರಗಳು 'ವೊಲ್ಯಾ ಗ್ರದೀರೆ' ಎಂದು ಮುಗಿಯಲು ತೊಡಗುತ್ತವೆ: ನನ್ನ ವಂದನೆಗಳನ್ನು ಸ್ವೀಕರಿಸುವ ಮನಸ್ಸು ತಮಗೆ ಬರಲಿ ಎಂದು. ಸಹಿಗೆ ಮುಂಚಿನ ಆ ಸಾಲನ್ನು ಬರೆಯುವಾಗ ನನ್ನ ಕೈ ತಾನೇ ನಿಧಾನವಾಗುತ್ತದೆ.

1938ರಲ್ಲಿ ಮುಸೊಲಿನಿಯ ಸರ್ಕಾರ 'ಲೇಯಿ' ಬಿಟ್ಟು 'ವೋಯಿ' ಎನ್ನಬೇಕೆಂದು ಒತ್ತಾಯಿಸಿತು. ಆ ಆಡಳಿತ ಉರುಳಿತು, 'ಲೇಯಿ' ಉಳಿಯಿತು. 1975ರ 'ಫಾಂತೊತ್ಸಿ' ಚಿತ್ರದ ಗುಮಾಸ್ತರು ಟೆನಿಸ್ ಆಡುತ್ತ ಕೊಂಜುಂತೀವೊವನ್ನು ತಪ್ಪುತಪ್ಪಾಗಿ ಬಳಸುವ ದೃಶ್ಯಕ್ಕೆ ಇಟಲಿಯವರು ಇಂದಿಗೂ ನಗುತ್ತಾರೆ. ವ್ಯಾಕರಣದ ತಪ್ಪೊಂದು ಇಷ್ಟು ಕಾಲ ನಗಿಸಬೇಕಾದರೆ ಸರಿಯಾದ ರೂಪ ಜನರ ಕಿವಿಯಲ್ಲಿ ಗಟ್ಟಿಯಾಗಿ ಕೂತಿರಲೇಬೇಕು.

ವಿನಯಕ್ಕೆ ಒದಗುವ ಈ ರೂಪ ಅರಮನೆಯ ಕಟ್ಟಪ್ಪಣೆಗೂ ಒದಗುತ್ತದೆ. 1926ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮೊದಲು ರಂಗಕ್ಕೆ ಬಂದ ಪುಚ್ಚೀನಿಯ 'ತುರಾಂದೋತ್' ಒಪೆರಾದಲ್ಲಿ, ಅಪರಿಚಿತ ರಾಜಕುಮಾರನ ಹೆಸರು ಗೊತ್ತಾಗುವವರೆಗೆ ಪೀಕಿಂಗಿನಲ್ಲಿ ಯಾರೂ ನಿದ್ರಿಸಕೂಡದೆಂದು ಆಜ್ಞೆಯಾಗುತ್ತದೆ. ಅದರಿಂದಲೇ 'ನೆಸ್ಸೂನ್ ದೊರ್ಮಾ' ಎಂಬ ಹಾಡು: ಯಾರೂ ನಿದ್ರಿಸದಿರಲಿ ಎಂದು. 1990ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಪವರೊತ್ತಿಯ ಕಂಠದಲ್ಲಿ ಅದು ಲೋಕಕ್ಕೆಲ್ಲ ಪರಿಚಿತವಾಯಿತು. 'ದೊರ್ಮೆ' ಎಂದಿದ್ದರೆ ಯಾರೂ ನಿದ್ರಿಸುತ್ತಿಲ್ಲ ಎಂಬ ಬರಿಯ ವರದಿಯಾಗುತ್ತಿತ್ತು. ಇನ್ನೊಮ್ಮೆ ಅದನ್ನು ಕೇಳುವಾಗ ಆ ಕೊನೆಯ 'ಆ'ಕಾರಕ್ಕೆ ಕಿವಿಗೊಡಿ.