ಕಿಡಿ ನೋಡಿ ಕೊಳ್ಳುತ್ತಿದ್ದ ಕಾಲ

1985ರಲ್ಲಿ ಐಟಿಐ ಮುಗಿಸಿ ಪೀಣ್ಯದ ಜಾಬ್‌ವರ್ಕ್ ಶೆಡ್ಡೊಂದಕ್ಕೆ ಟರ್ನರ್ ಆಗಿ ಸೇರಿದಾಗ ನನ್ನ ಸ್ವಂತದ್ದೆಂದು ಇದ್ದದ್ದು ಆರಿಂಚಿನ ಸ್ಟೀಲ್ ರೂಲು ಮತ್ತು ಒಂದು ಔಟ್‌ಸೈಡ್ ಕ್ಯಾಲಿಪರ್. ವರ್ನಿಯರ್ ಮಾಲೀಕರದು, ಬೀಗ ಹಾಕಿದ ಡ್ರಾಯರಿನಲ್ಲಿ ಇರುತ್ತಿತ್ತು. ಮೈಕ್ರೋಮೀಟರ್ ಮೇಸ್ತ್ರಿಯವರದು, ಅದನ್ನು ಅವರು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿರುತ್ತಿದ್ದರು. ಜಪಾನಿನ ಮೈಕ್ರೋಮೀಟರ್ ಬೇಕೆಂದರೆ ಎರಡು ತಿಂಗಳ ಸಂಬಳ ಪೂರ್ತಿ ಎತ್ತಿಡಬೇಕಿತ್ತು. ಆಮದಿಗೆ ಲೈಸೆನ್ಸು, ಅದರ ಮೇಲೆ ಸುಂಕ. 1991ಕ್ಕೆ ಮೊದಲು ಒಳ್ಳೆಯ ಹತಾರ ಕಾಣುವುದೇ ಅಪರೂಪ, ಕೊಳ್ಳುವುದು ದೂರದ ಮಾತು.

ಕೊಳ್ಳಲು ಹೋಗುತ್ತಿದ್ದದ್ದು ಎರಡು ಕಡೆ. ಹೊಸದಕ್ಕೆ ಎಸ್.ಪಿ. ರೋಡು, ಹಳೆಯದಕ್ಕೆ ಚಿಕ್ಕಪೇಟೆ ಬಳಿಯ ಸಂಡೇ ಬಜಾರು. ಭಾನುವಾರ ಬೆಳಿಗ್ಗೆ ರಸ್ತೆಯಲ್ಲಿ ಗೋಣಿ ಹಾಸಿ ಅರ, ಸ್ಪ್ಯಾನರು, ಡ್ರಿಲ್ ಬಿಟ್ಟು, ಕೈಬಿಟ್ಟ ಚಕ್ಕುಗಳನ್ನು ಗುಡ್ಡೆ ಹಾಕಿರುತ್ತಿದ್ದರು. ಅಂಗಡಿಯವರು ಗಿರಾಕಿಯ ಮುಖ ನೋಡಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಕಂಪನಿ ಮಾಲು ಕೊಡಲಾ, ಲೋಕಲ್ ಕೊಡಲಾ?" ಕಂಪನಿ ಮಾಲಿಗೆ ಮೂರು ಪಟ್ಟು ಬೆಲೆ. ಕೊಂಡು ಕೆಲಸಕ್ಕೆ ಹಾಕುವವರೆಗೆ ಎರಡೂ ಒಂದೇ ಥರ ಮಿಂಚುತ್ತಿದ್ದವು.

ವ್ಯತ್ಯಾಸ ನೋಡಲು ಕಲಿಸಿದವರು ನಮ್ಮ ಮೇಸ್ತ್ರಿ. ಹರಿಹರದ ಕಡೆಯವರು, 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮೇಲೆ ಕೈ ಪಳಗಿಸಿಕೊಂಡು ಬೆಂಗಳೂರಿಗೆ ಬಂದಿದ್ದರು. ಅರ್ಧ ಇಂಚಿನ ಚೌಕದ ಟೂಲ್ ಬಿಟ್ಟು ಡಜನ್ ಬೇಕಿದ್ದರೆ ಮೊದಲು ಒಂದೇ ಒಂದು ತರಿಸುತ್ತಿದ್ದರು. ತಂದ ಕೂಡಲೇ ಗ್ರೈಂಡರಿಗೆ ಒತ್ತಿ ಕಿಡಿ ನೋಡುತ್ತಿದ್ದರು. ಕಾರ್ಬನ್ ಸ್ಟೀಲಾದರೆ ಬೆಳ್ಳಗೆ, ಹೂಬಾಣದ ಹಾಗೆ ಕವಲೊಡೆದು ಸಿಡಿಯುತ್ತದೆ. ನಿಜವಾದ ಹೈಸ್ಪೀಡ್ ಸ್ಟೀಲಾದರೆ ಮಂಕು ಕೆಂಪು ಗೆರೆಗಳು ಬೀಳುತ್ತವೆ, ಸಿಡಿಯುವುದು ತೀರಾ ಕಡಿಮೆ. "ತಮ್ಮಾ, ಕಿಡಿ ನೋಡಿ ತಗಾ, ಚೀಟಿ ನೋಡಿ ತಗಾಬ್ಯಾಡ" ಎನ್ನುತ್ತಿದ್ದರು.

ಆ ಕೆಂಪು ಕಿಡಿಗೆ ಕಾರಣ ಉಕ್ಕಿನಲ್ಲಿ ಬೆರೆತ ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಮ್. ಕಾರ್ಬನ್ ಸ್ಟೀಲಿನ ಮೊನೆ ಸುಮಾರು 250 ಡಿಗ್ರಿ ಬಿಸಿಗೇ ಗಡಸು ಕಳೆದುಕೊಳ್ಳುತ್ತದೆ. ಹೈಸ್ಪೀಡ್ ಸ್ಟೀಲು 600 ಡಿಗ್ರಿಯ ಹತ್ತಿರದವರೆಗೂ ತಡೆಯುತ್ತದೆ. ಲೇತಿನಲ್ಲಿ ಕಟಿಂಗ್ ನಡೆಯುವಾಗ ಮೊನೆಯ ಬಿಸಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಲೋಕಲ್ ಬಿಟ್ಟು ಗಂಟೆಗೆ ನಾಲ್ಕು ಸಲ ಸಾಣೆ ಕೇಳಿದರೆ ಕಂಪನಿ ಬಿಟ್ಟು ಮಧ್ಯಾಹ್ನದ ಊಟದವರೆಗೆ ನಡೆಯುತ್ತಿತ್ತು. ಮೂರು ಪಟ್ಟು ಬೆಲೆಯ ಲೆಕ್ಕ ಅಂಗಡಿಯ ಕಟ್ಟೆಯ ಮೇಲೆ ಆಗುವಂಥದ್ದಲ್ಲ, ಗ್ರೈಂಡರಿನ ಮುಂದೆ ಆಗುವಂಥದ್ದು ಎಂದು ನನಗೆ ಗೊತ್ತಾದದ್ದು ಹೀಗೆ.

ಗೊತ್ತಿದ್ದೂ ತಪ್ಪಿದೆ. 1994ರಲ್ಲಿ ಸಾಲ ಮಾಡಿ ಸ್ವಂತ ಶೆಡ್ಡು ಹಾಕಿದ ಮೊದಲ ವರ್ಷ ಅರವತ್ತು ವಾಲ್ವ್ ಬಾಡಿಗಳ ಆರ್ಡರು ಸಿಕ್ಕಿತು. ಕಾಸ್ಟಿಂಗು ಪಾರ್ಟಿಯದೇ, ಒಂದೊಂದರಲ್ಲೂ ನಾಲ್ಕು ಎಂ8 ತೂತು. 6.8 ಮಿ.ಮೀ. ಡ್ರಿಲ್ ಹೊಡೆದು ಟ್ಯಾಪು ಹಾಕಬೇಕು. ಕೈಯಲ್ಲಿ ದುಡ್ಡು ಕಮ್ಮಿ ಇತ್ತು. ಅಗ್ಗದ ಟ್ಯಾಪ್ ಸೆಟ್ಟು ತಂದು ತೊಂಬತ್ತು ರೂಪಾಯಿ ಉಳಿಸಿದೆ. ಹಲ್ಲು ಗ್ರೈಂಡ್ ಆಗಿರಲಿಲ್ಲ, ಫ್ಲೂಟಿನ ಅಂಚು ಒರಟಾಗಿತ್ತು. ಹನ್ನೊಂದನೇ ಬಾಡಿಯಲ್ಲಿ ಚೂರು ಸಿಕ್ಕಿಕೊಂಡು ಟ್ಯಾಪು ತೂತಿನೊಳಗೇ ಮುರಿಯಿತು. ಮುರಿದ ಟ್ಯಾಪನ್ನು ಡ್ರಿಲ್ ಮಾಡಿ ತೆಗೆಯಲಾಗದು, ಅದು ಡ್ರಿಲ್ಲಿನಷ್ಟೇ ಗಡಸು. ಸ್ಪಾರ್ಕ್ ಎರೋಷನ್ ಮೆಷಿನ್ ಇದ್ದವರ ಹತ್ತಿರ ಹೊತ್ತುಕೊಂಡು ಹೋಗಿ ಕಾದು ತೆಗೆಸಿದೆ. ಮಾರನೇ ದಿನ ಇನ್ನೊಂದು ಮುರಿಯಿತು, ಆ ಸಲ ಬಾಡಿಯೇ ಕೆಟ್ಟಿತು. ಪಾರ್ಟಿ ಬಿಲ್ಲಿನಲ್ಲಿ ಕಾಸ್ಟಿಂಗಿನ ಬೆಲೆ ಹಿಡಿದುಕೊಂಡರು. ಹಿಡಿದದ್ದು ನ್ಯಾಯವೇ. ತೊಂಬತ್ತು ರೂಪಾಯಿ ಉಳಿಸಲು ಹೋಗಿ ಆ ಆರ್ಡರಿನ ಲಾಭದ ಬಹುಪಾಲು ಕಳೆದುಕೊಂಡೆ.

ಆಮೇಲೆ ಇನ್ನೊಂದು ದಿಕ್ಕಿಗೆ ವಾಲಿದೆ. ಆಮದು ಸಡಿಲವಾಗಿ ವಿದೇಶಿ ಕಾರ್ಬೈಡ್ ಇನ್ಸರ್ಟು ಕೈಗೆ ಸಿಗತೊಡಗಿತ್ತು. ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂದು ನಂಬಿ ದುಬಾರಿ ಬೋರಿಂಗ್ ಬಾರೊಂದನ್ನು ತಂದೆ. ನನ್ನ ಲೇತು ಮೂರನೇ ಕೈಯದು. ಬೆಡ್ಡು ಸವೆದಿತ್ತು, ಸ್ಪಿಂಡಲ್ಲಿನಲ್ಲಿ ಆಟ ಇತ್ತು, ಜಾಸ್ತಿ ಸ್ಪೀಡಿಗೆ ಹಾಕಿದರೆ ಮೆಷಿನ್ನೇ ನಡುಗುತ್ತಿತ್ತು. ಕಾರ್ಬೈಡಿಗೆ ವೇಗ ಬೇಕು, ಅಲುಗಾಡದ ಹಿಡಿತ ಬೇಕು. ಅದು ಗಡಸು ನಿಜ, ಆದರೆ ನಡುಕ ತಡೆಯುವ ಗುಣ ಅದಕ್ಕಿಲ್ಲ. ಇನ್ಸರ್ಟಿನ ಮೂಲೆಗಳು ಒಂದರ ಹಿಂದೊಂದು ಚಿಪ್ಪೆದ್ದವು. ಅದೇ ಕೆಲಸವನ್ನು ಕೈಯಲ್ಲಿ ಸಾಣೆ ಹಿಡಿದ ಹೈಸ್ಪೀಡ್ ಬಿಟ್ಟು ನಿಧಾನವಾಗಿ, ಆದರೆ ಕೆಡಿಸದೆ ಮಾಡಿತು. ಹತಾರ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಹಿಡಿಯುವ ಮೆಷಿನ್ನಿಗೆ ಹೊಂದದಿದ್ದರೆ ಕೊಟ್ಟ ದುಡ್ಡು ದಂಡ.

ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಒಂದು ವರ್ನಿಯರಿಗೆ ಆರು ಜನ ಕಾಯುತ್ತಿದ್ದೆವು. ಅಳತೆ ನೋಡದೆ ಅಂದಾಜಿನ ಮೇಲೆ ಕೊನೆಯ ಕಟ್ ಕೊಟ್ಟು ಕೆಡಿಸಿದ ಜಾಬುಗಳಿಗೆ ಲೆಕ್ಕವಿಲ್ಲ. ಕನ್ನಡಕವಿಲ್ಲದೆ ಗ್ರೈಂಡರ್ ಮುಂದೆ ನಿಂತು ಕಣ್ಣು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಹಳೆಯದೆಲ್ಲ ಗಟ್ಟಿ ಎನ್ನುವುದೂ ಸುಳ್ಳು. ಗಟ್ಟಿಯಾಗಿದ್ದವು ಮಾತ್ರ ಇಂದಿಗೂ ಉಳಿದಿವೆ, ಮಿಕ್ಕವು ಗುಜರಿಗೆ ಹೋಗಿ ಯಾವತ್ತೋ ಕರಗಿವೆ.

ಈಗ ನನ್ನ ಶೆಡ್ಡಿನಲ್ಲಿ ಎರಡು ಸಿಎನ್‌ಸಿ ಮೆಷಿನ್ನುಗಳಿವೆ. ಲೆಕ್ಕ ಹಾಕುವ ರೀತಿಯೂ ಬದಲಾಗಿದೆ. ಸಿಎನ್‌ಎಂಜಿ ಇನ್ಸರ್ಟಿಗೆ ನಾಲ್ಕು ಮೂಲೆ, ಟಿಎನ್‌ಎಂಜಿಗೆ ಆರು. ಇನ್ಸರ್ಟಿನ ಬೆಲೆಯನ್ನು ಮೂಲೆಗಳಿಗೆ ಹಂಚುತ್ತೇನೆ, ಒಂದು ಮೂಲೆಗೆ ಎಷ್ಟು ಜಾಬು ಬಂತೆಂದು ಬರೆದಿಡುತ್ತೇನೆ. ಎಷ್ಟೋ ಸಲ ನಡುವಿನ ಬೆಲೆಯ ಮಾಲೇ ಗೆದ್ದಿದೆ. ಸುತ್ತಿಗೆ, ಸಿ ಕ್ಲ್ಯಾಂಪು, ಟ್ರೇ, ಎಣ್ಣೆ ಕ್ಯಾನಿಗೆ ಹೆಚ್ಚು ಸುರಿಯುವುದಿಲ್ಲ. ಕೊಯ್ಯುವ ಮೊನೆಗೆ, ಅಳೆಯುವ ಸಾಧನಕ್ಕೆ, ಮುರಿದರೆ ಕೈಗೆ ಪೆಟ್ಟಾಗುವ ಸ್ಪ್ಯಾನರಿಗೆ, ಗ್ರೈಂಡಿಂಗ್ ವೀಲಿಗೆ ಮಾತ್ರ ಚೌಕಾಸಿ ಮಾಡುವುದಿಲ್ಲ.

ಹೋದ ವರ್ಷ ಕೆಲಸಕ್ಕೆ ಸೇರಿದ ತುಮಕೂರಿನ ಹುಡುಗ ಒಂದು ದಿನ ಹೊಸ ಡಿಜಿಟಲ್ ವರ್ನಿಯರ್ ತಂದು ತೋರಿಸಿದ. ಮೊಬೈಲಿನಲ್ಲಿ ತರಿಸಿಕೊಂಡದ್ದು, ಒಂದು ದಿನದ ಕೂಲಿಗಿಂತ ಕಮ್ಮಿ. "ಸಾರ್, ಪಾಯಿಂಟ್ ಸೊನ್ನೆ ಒಂದು ತೋರಿಸುತ್ತೆ" ಎಂದ. ತೋರಿಸುವುದು ಬೇರೆ, ನಿಜ ಹೇಳುವುದು ಬೇರೆ. ಆ ಮಾತನ್ನು ಬಾಯಲ್ಲಿ ಹೇಳದೆ ಕಪಾಟಿನಿಂದ ಒಂದು ಹೊಸ 6204 ಬೇರಿಂಗ್ ತೆಗೆದುಕೊಟ್ಟೆ. ಅದರ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಒಳ್ಳೆಯ ಬೇರಿಂಗಿನ ಹೊರವ್ಯಾಸ ಹೆಚ್ಚೆಂದರೆ ನೂರರಲ್ಲಿ ಒಂದು ಮಿಲಿಮೀಟರಿನಷ್ಟು ಕಮ್ಮಿ ಇದ್ದೀತು. ಸ್ಲಿಪ್ ಗೇಜು ಇಲ್ಲದವನಿಗೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. "ಐದು ಸಲ ಅಳಿ, ಐದನ್ನೂ ಬರಿ" ಎಂದೆ.

ಬರೆದ. 47.01, 46.97, 47.04, 46.98, 47.02. ಅವನು ಮೊದಲು ಬೇರಿಂಗನ್ನು ತಿರುಗಿಸಿ ನೋಡಿದ, ಆಮೇಲೆ ವರ್ನಿಯರಿನ ದವಡೆ ಮುಚ್ಚಿ ಬೆಳಕಿಗೆ ಹಿಡಿದ. ತುದಿಯಲ್ಲಿ ಬೆಳಕಿನ ಗೆರೆ ಕಾಣಿಸಿತು. ಅವತ್ತು ಅವನ ಮುಂದಿದ್ದ ಜಾಬು 25 ಮಿ.ಮೀ. ಎಚ್7 ಬೋರು. ಅದಕ್ಕೆ ಇರುವ ಅವಕಾಶವೇ 0.021 ಮಿ.ಮೀ. ಅವನ ವರ್ನಿಯರ್ ತನ್ನೊಳಗೇ ಅದರ ಮೂರು ಪಟ್ಟು ಓಲಾಡುತ್ತಿತ್ತು.

ನಾನು ಟರ್ನರ್ ಆಗಿದ್ದಾಗ ಎರಡು ತಿಂಗಳ ಸಂಬಳ ಕೇಳುತ್ತಿದ್ದ ದರ್ಜೆಯ ಮೈಕ್ರೋಮೀಟರು ಇವತ್ತು ಅವನ ಸಂಬಳದ ಒಂದು ಭಾಗಕ್ಕೆ ಸಿಗುತ್ತದೆ. ಒಳ್ಳೆಯ ಮಾಲು ಕೈಗೆ ಎಟುಕದೇ ಇರುವುದು ಇವತ್ತಿನ ತೊಂದರೆಯಲ್ಲ. ಒಂದೇ ಥರದ ನೂರು ಫೋಟೋಗಳ ಮಧ್ಯೆ ಅದು ಯಾವುದೆಂದು ಹೇಳುವ ಕಿಡಿ ಪರದೆಯ ಮೇಲೆ ಕಾಣುವುದಿಲ್ಲ. ಅದನ್ನು ನೋಡುವುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು, ಮತ್ತು ಕಲಿಸುವ ಹೊತ್ತಿಗೆ ಜಾಬು ನಿಲ್ಲಿಸಲು ಮಾಲೀಕ ಒಪ್ಪಬೇಕು. ನಮ್ಮ ಮೇಸ್ತ್ರಿ ಪ್ರತಿ ಸಲ ಹತ್ತು ನಿಮಿಷ ಗ್ರೈಂಡರ್ ಮುಂದೆ ನಿಲ್ಲುತ್ತಿದ್ದರು, ಮಾಲೀಕರು ಬೈಯುತ್ತಿರಲಿಲ್ಲ. ಈಗ ಆ ಹತ್ತು ನಿಮಿಷ ಕೊಡಬೇಕಾದವನು ನಾನು.

ಹುಡುಗ ಆ ವರ್ನಿಯರನ್ನು ಎಸೆಯಲಿಲ್ಲ. ಹಿಡಿಗೆ ಕೆಂಪು ಪೇಂಟು ಹಚ್ಚಿ ಬ್ಯಾಂಡ್‌ಸಾ ಮೆಷಿನ್ನಿನ ಪಕ್ಕ ನೇತುಹಾಕಿದ. ಅಲ್ಲಿ ರಾಡು ಕೊಯ್ಯಲು ಅರ್ಧ ಮಿಲಿಮೀಟರು ಆಚೀಚೆ ನಡೆಯುತ್ತದೆ. ದಸರಾ ಬೋನಸ್ಸಿನಲ್ಲಿ ಮೈಕ್ರೋಮೀಟರ್ ಕೊಂಡ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವ ಮೊದಲು ಕಪಾಟಿನ ಬೀಗದ ಕೈ ಕೇಳಿದ. 6204 ಬೇರಿಂಗ್ ತೆಗೆದುಕೊಂಡು ಐದು ಸಲ ಅಳೆದ.