ಚಿಕ್ಕಪ್ಪನ ಎಡೆ

ಹಿರೇರ ಹಬ್ಬದ ದಿನ ನಮ್ಮ ಮನೆಯಲ್ಲಿ ಎಡೆ ಇಟ್ಟಾದ ಮೇಲೆ ಕೋಣೆಯ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಚಿಕ್ಕವನಿದ್ದಾಗ ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ಕಾದದ್ದುಂಟು. ಒಮ್ಮೆ ಕಡುಬಿನ ಮೇಲೆ ಇರುವೆ ಸಾಲು ಹತ್ತಿದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. "ಇರುವೆ ಆಗಿ ಬಂದಿರ್ತಾರೆ, ಸುಮ್ನಿರು" ಅಂದಿದ್ದಳು ಅಜ್ಜಿ. ಅವಳ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತಿತ್ತು.

ಈ ಹಬ್ಬವನ್ನು ಕೆಲವರು ದೀಪಾವಳಿಗೆ ಮಾಡುತ್ತಾರೆ, ನಮ್ಮದು ಮಹಾಲಯ ಅಮಾವಾಸ್ಯೆಗೆ. ಹೊಸ ಬಟ್ಟೆ, ಬಾಳೆ ಎಲೆ, ಸತ್ತವರಿಗೆ ಏನು ಇಷ್ಟವಿತ್ತೋ ಅದು. ಮುತ್ತಜ್ಜನ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮುತ್ತಜ್ಜಿಗೆ ಎಲೆ ಅಡಿಕೆ, ಸುಣ್ಣ ಸ್ವಲ್ಪ ಜಾಸ್ತಿ. ಅಜ್ಜನಿಗೆ ವಡೆ. ಚಿಕ್ಕಪ್ಪನಿಗೆ ಮಾತ್ರ ಎಲೆ ಇರಲಿಲ್ಲ.

ಸಾಲ ಮೈಮೇಲೆ ಬಂದ ವರ್ಷ ಚಿಕ್ಕಪ್ಪ ತಾನಾಗಿಯೇ ಜೀವ ಕಳೆದುಕೊಂಡ. ನಾನಾಗ ಏಳನೇ ಕ್ಲಾಸು. ಅರ್ಧ ಆಯುಸ್ಸಿಗೆ ಹೋದವರು ಹಿರಿಯರ ಸಾಲಿಗೆ ಸೇರುವುದಿಲ್ಲ, ಉಳಿದ ಆಯುಸ್ಸು ತೀರುವವರೆಗೂ ಅಲೆಯುತ್ತಾರೆ ಎನ್ನುವುದು ನಮ್ಮ ಕಡೆಯ ನಂಬಿಕೆ. ವರ್ಷ ತುಂಬುವುದರೊಳಗೆ ಅವನನ್ನು ಕಂಡವರೂ ಹುಟ್ಟಿಕೊಂಡರು. ಒಬ್ಬರಿಗೆ ಹುಣಸೆ ಮರದ ಕೆಳಗೆ ಬಿಳಿ ಅಂಗಿ ಕಂಡಿತ್ತು, ಇನ್ನೊಬ್ಬರಿಗೆ ರಾತ್ರಿ ಗದ್ದೆಗೆ ನೀರು ಕಟ್ಟುವ ಸದ್ದು ಕೇಳಿಸಿತ್ತು. (ದೆವ್ವವಾಗಿಯೂ ಚಿಕ್ಕಪ್ಪನಿಗೆ ಗದ್ದೆ ಕೆಲಸ ತಪ್ಪಲಿಲ್ಲ ಅಂತ ಈಗ ಅನಿಸುತ್ತದೆ. ಆಗ ಸಂಜೆ ಮೇಲೆ ಆ ದಾರಿ ಹಿಡಿಯಲು ನನಗೂ ಹೆದರಿಕೆ.)

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಚಿಕ್ಕಮ್ಮ ಊಟ ಬಿಟ್ಟಳು, ರಾತ್ರಿ ಎದ್ದು ಕೂತು ಒಬ್ಬಳೇ ಮಾತಾಡತೊಡಗಿದಳು. ಗಂಡ ಹೋದ ಇಪ್ಪತ್ತೆಂಟು ವರ್ಷದ ಹೆಂಗಸು ಮತ್ತೇನು ಮಾಡಬೇಕಿತ್ತು? ಮನೆಯವರು ಅದನ್ನು ಗಾಳಿ ಅಂದರು. ಬಿಡಿಸುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಬೇವಿನ ಬರಲಿನಿಂದ ಹೊಡೆದು, "ಯಾರು ನೀನು, ಹೆಸರು ಹೇಳು" ಎಂದು ಕೇಳಿದರಂತೆ. ಅವಳು ಚಿಕ್ಕಪ್ಪನ ಹೆಸರು ಹೇಳಿದಳು. ಹೊಡೆತ ನಿಲ್ಲಲಿ ಅಂತ ಹೇಳಿದ್ದು ಎಂದು ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ, ಅವಳ ಬಾಯಿಂದಲೇ. ಇಂಥದ್ದರ ವಿರುದ್ಧ ರಾಜ್ಯದಲ್ಲಿ 2017ರಲ್ಲಿ ಕಾನೂನಾಯಿತು, 2020ರಲ್ಲಿ ಜಾರಿಗೆ ಬಂತು. ಚಿಕ್ಕಮ್ಮನ ಬೆನ್ನಿನ ಬಾಸುಂಡೆ ಅದಕ್ಕಿಂತ ಹಿಂದಿನದು.

ನಮ್ಮೂರು ಈಸೂರು. ಈ ಹೆಸರು ಹೇಳಿದರೆ ಯಾರಿಗೂ ದೆವ್ವ ನೆನಪಾಗುವುದಿಲ್ಲ, 1942 ನೆನಪಾಗುತ್ತದೆ. ಏಸೂರು ಕೊಟ್ಟರೂ ಈಸೂರು ಕೊಡೆವು ಎಂದ ಊರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿ, ಇಬ್ಬರು ಹುಡುಗರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡ ಊರು. ಸೆಪ್ಟೆಂಬರ್ ಕೊನೆಯ ವಾರ ಸರ್ಕಾರದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಬಂದಾಗ ಗಲಾಟೆಯಾಗಿ ಇಬ್ಬರೂ ಸತ್ತರು. ಆಮೇಲೆ ಪಡೆ ನುಗ್ಗಿತು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐದು ಜನರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು.

ಪತ್ರಿಕೋದ್ಯಮ ಓದುವಾಗ ಇದರ ಮೇಲೆ ಒಂದು ವರದಿ ಬರೆದೆ. ಎಲ್ಲರೂ ಬರೆದದ್ದನ್ನೇ ಬರೆದೆ ಅನ್ನಿ. ಆಮೇಲೆ ಯಾವಾಗಲೋ ಪಂಚಾಂಗದ ಲೆಕ್ಕ ಹಾಕುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. 1942ರ ಸೆಪ್ಟೆಂಬರ್ ಕೊನೆಯ ವಾರ ಪಿತೃಪಕ್ಷ. ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ ಎರಡನೇ ವಾರ, ಅಂದರೆ ಊರಿನ ಗಂಡಸರು ಕಾಡಿನಲ್ಲೋ ಲಾಕಪ್ಪಿನಲ್ಲೋ ಇದ್ದ ಹೊತ್ತು. ಆ ವರ್ಷ ಈಸೂರಿನಲ್ಲಿ ಎಷ್ಟು ಮನೆಯಲ್ಲಿ ಎಡೆ ಇಟ್ಟಿದ್ದರೋ. ಸತ್ತ ಆ ಇಬ್ಬರು ಅಧಿಕಾರಿಗಳೂ ನಮ್ಮವರೇ, ಕನ್ನಡದವರೇ. ಅವರಿಗೂ ಒಂದು ಮನೆ ಇತ್ತು.

ಅಜ್ಜಿಯನ್ನು ಕೇಳಿದೆ. "ಆ ಐದು ಜನಾನೂ ಅರ್ಧ ಆಯುಸ್ಸಿಗೇ ಹೋದ್ರಲ್ಲಜ್ಜಿ. ಅವರೂ ದೆವ್ವ ಆಗಬೇಕಿತ್ತಲ್ಲ?"

ಅಜ್ಜಿಗೆ ಸಿಟ್ಟು ಬಂತು. "ಏ ಬಿಡ್ತು ಅನ್ನು. ಊರಿಗೋಸ್ಕರ ಹೋದೋರು ಅವರು. ವರ್ಷ ವರ್ಷ ಹೂ ಹಾಕ್ತಾರೆ, ಒಬ್ಬೊಬ್ಬರದೇ ಹೆಸರು ಹಿಡಿದು ಕೂಗ್ತಾರೆ. ಅವರು ಯಾಕೆ ಅಲೀತಾರೆ?"

ಅವಳು ಹೇಳಿದ್ದು ಹೊಸದೇನಲ್ಲ. ಶಿಕಾರಿಪುರ, ಸೊರಬ ಕಡೆ ತಿರುಗಿದರೆ ಕೆರೆ ಏರಿ, ಗುಡಿ ಹಿಂದೆ, ಹೊಲದ ಬದು ಎಲ್ಲಿ ನೋಡಿದರೂ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತದ್ದು. ದನ ಬಿಡಿಸಲು ಹೋಗಿ ಸತ್ತವರೂ, ಊರು ಕಾಯುತ್ತಾ ಸತ್ತವರೂ ಎಲ್ಲ ಹರೆಯದವರೇ ಇದ್ದಾರು. ಅವರನ್ನು ಯಾರೂ ಹುಣಸೆ ಮರಕ್ಕೆ ಕಳಿಸಲಿಲ್ಲ, ಕಲ್ಲಿನ ಮೇಲೆ ಕೂರಿಸಿದರು. ಸಾಲಕ್ಕೆ ಸತ್ತವನಿಗೆ ಕಲ್ಲು ನೆಡಿ ಅಂತ ನಾನು ಕೇಳುತ್ತಿಲ್ಲ. ಹುತಾತ್ಮರನ್ನೂ ಚಿಕ್ಕಪ್ಪನನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ದಡ್ಡನೂ ನಾನಲ್ಲ. ಆದರೆ ಒಂದು ಎಲೆ?

"ಚಿಕ್ಕಪ್ಪನ ಹೆಸರು ಹಿಡಿದು ಯಾರು ಕೂಗ್ತಾರೆ ಅಜ್ಜಿ?" ಎಂದೆ. ಅವಳು ಮಾತಾಡಲಿಲ್ಲ. ಮೊರದಲ್ಲಿದ್ದ ಅವರೆಕಾಯಿ ಬಿಡಿಸುತ್ತಾ ಕೂತಳು. ಅವಳ ಹತ್ತಿರ ಉತ್ತರ ಇಲ್ಲದ್ದನ್ನು ನೋಡಿದ್ದು ಅದೇ ಮೊದಲು. ಅವಳ ಮಗ ಅವನು ಎಂಬುದು ನನಗೆ ಕೇಳಿದ ಮೇಲೆ ಹೊಳೆಯಿತು.

ಹೋದ ವರ್ಷದ ಅಮಾವಾಸ್ಯೆಗೆ ನಾನು ಊರಿಗೆ ಹೋಗುವಷ್ಟರಲ್ಲಿ ಕೋಣೆಯಲ್ಲಿ ಇನ್ನೊಂದು ಎಲೆ ಹಾಸಿತ್ತು. ಯಾರು ಹಾಸಿದ್ದು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅದಕ್ಕೆ ಏನು ಬಡಿಸುವುದು ಅನ್ನುವುದೇ ಚರ್ಚೆ. ಅವನಿಗೆ ಹೋಳಿಗೆ ಇಷ್ಟ ಅಂದ ಅಪ್ಪ. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತವಳು, "ಹೋಳಿಗೆ ನಿಮಗಿಷ್ಟ ಭಾವಾ. ಅವರಿಗೆ ಮಂಡಕ್ಕಿ ಮೆಣಸಿನಕಾಯಿ" ಅಂದಳು.

ನಾನು ಬೈಕು ಹತ್ತಿ ಶಿಕಾರಿಪುರಕ್ಕೆ ಹೋಗಿ ಕಟ್ಟಿಸಿಕೊಂಡು ಬಂದೆ. ಅಜ್ಜಿ ಪೊಟ್ಟಣ ಮುಟ್ಟಿ ನೋಡಿ, "ತಣ್ಣಗಾಗೇತಲ್ಲೋ, ಅವನು ಬಿಸಿ ಇಲ್ದಿದ್ರೆ ಮುಟ್ತಿರಲಿಲ್ಲ" ಅಂದಳು. ಚಿಕ್ಕಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ಒಲೆ ಮೇಲೆ ಬಾಣಲೆ ಇಟ್ಟಳು.